ಸೆಕೆ ನನ್ನದೋ, ಕಾರಿನದೋ

ಗ್ಯಾರೇಜಿಗೆ ಬರುವವರೆಲ್ಲ ನನ್ನನ್ನು ಗ್ಯಾಸಕ್ಕ ಎಂದು ಕರೆಯುತ್ತಾರೆ. ಕಾರಿನ ಎಸಿಗೆ ಗ್ಯಾಸ್ ತುಂಬುತ್ತೇನೆಂದು ಬಂದ ಹೆಸರು. ಊಟವಾದ ಮೇಲೆ ನಾನು ತೇಗುವುದನ್ನು ಕೇಳಿದವರು ಬೇರೆ ಅರ್ಥ ಮಾಡಿಕೊಂಡರೆ ಅವರನ್ನೂ ದೂರುವಂತಿಲ್ಲ.

ಗ್ಯಾರೇಜು ನಮ್ಮ ಅಣ್ಣನದು. ಎಂಜಿನ್ನು, ಬ್ರೇಕು, ವೈರಿಂಗು ಅವನ ಪಾಲು. ಎಸಿ ನನ್ನ ಪಾಲು. ನನ್ನ ಜಂಬವೆಲ್ಲ ಇದ್ದದ್ದು ಬಲಗೈಯಲ್ಲಿ. ಗಾಳಿ ಬರುವ ಕಿಂಡಿಯ ಮುಂದೆ ಕೈ ಹಿಡಿದು "ಒಂಬತ್ತು ಡಿಗ್ರಿ" ಎಂದೆನೆಂದರೆ ಥರ್ಮಾಮೀಟರೂ ಒಂಬತ್ತನ್ನೇ ತೋರಿಸುತ್ತಿತ್ತು. ಹೊಸ ಗಿರಾಕಿ ಬಂದರೆ ಬೇಕೆಂತಲೇ ಥರ್ಮಾಮೀಟರನ್ನು ಡ್ರಾಯರಿನಲ್ಲಿ ಬಿಟ್ಟು ಬರುತ್ತಿದ್ದೆ, ನಾಲ್ಕು ಜನ ಬಾಯಿ ಬಿಟ್ಟುಕೊಂಡು ನೋಡಲಿ ಎಂದು.

ಐವತ್ತು ದಾಟಿ ಮುಟ್ಟು ನಿಲ್ಲುವ ಕಾಲ ಬಂತು ನೋಡಿ, ನನ್ನ ಮೈಗೆ ಹುಚ್ಚು ಹಿಡಿಯಿತು. ಕೂತಲ್ಲಿ ಕೂತಂತೆ ಎದೆಯಿಂದ ಬೆಂಕಿ ಎದ್ದು ಕಿವಿಯವರೆಗೆ ಹೋಗುತ್ತದೆ, ಬೆವರು ಇಳಿಯುತ್ತದೆ, ಸ್ವಲ್ಪ ಹೊತ್ತಿಗೆ ನಡುಕ. ಮನೆಯಲ್ಲಿ ಫ್ಯಾನ್ ಹಾಕು, ಆರಿಸು, ಮತ್ತೆ ಹಾಕು. ನಮ್ಮ ಯಜಮಾನರು ಹೊದಿಕೆ ಎತ್ತಿಕೊಂಡು ಹಾಲಿನ ಸೋಫಾಕ್ಕೆ ವಲಸೆ ಹೋದರು. ಅತ್ತಿಗೆಯೊಬ್ಬಳ ಹತ್ತಿರ ಹೇಳಿಕೊಂಡೆ, ಗ್ಯಾರೇಜಿನಲ್ಲಿ ಮಾತ್ರ ನಾನು ತುಟಿ ಬಿಚ್ಚಲಿಲ್ಲ. ಎಸಿ ಮೆಕ್ಯಾನಿಕ್ಕಿಗೇ ಸೆಕೆಯ ಕಾಟ ಎಂದರೆ ನಗುವವರ ಬಾಯಿ ಮುಚ್ಚಿಸುವವರು ಯಾರು?

ಹೀಗಿರುವಾಗ ಸಂಗೀತದ ಮೇಷ್ಟ್ರು ತಮ್ಮ ಕಾರು ತಂದರು. ಅದರದು ತಾನೇ ಹದ ನೋಡಿಕೊಳ್ಳುವ ಎಸಿ. ಇಪ್ಪತ್ತನಾಲ್ಕಕ್ಕೆ ಇಟ್ಟರೆ ಇಪ್ಪತ್ತನಾಲ್ಕಕ್ಕೆ ನಿಲ್ಲಬೇಕು.

"ನಿಲ್ತಾನೇ ಇಲ್ಲಮ್ಮ, ಒಂದೇ ಸಮ ಕೊರೆಯುತ್ತೆ," ಎಂದರು.

ನಾನು ಒಳಗೆ ಕೂತೆ. ಸರಿಯಾಗಿ ಅದೇ ಹೊತ್ತಿಗೆ ನನ್ನ ಬೆಂಕಿ ಎದ್ದಿತು. ಆ ಗಾಳಿ ಮುಖಕ್ಕೆ ಬಡಿದಾಗ ಸ್ವರ್ಗ ಸಿಕ್ಕಂತಾಯಿತು.

"ಏನೂ ತೊಂದ್ರೆ ಇಲ್ಲ ಮೇಷ್ಟ್ರೇ, ಹದವಾಗೇ ಇದೆ. ನಿಮಗೇ ಸ್ವಲ್ಪ ಚಳಿ ಜಾಸ್ತಿ," ಎಂದು ಕಳಿಸಿದೆ. ಜೊತೆಗೆ ಬೆಳಿಗ್ಗೆ ಎದ್ದು ವಾಕಿಂಗ್ ಮಾಡಿ ಎಂದು ಬುದ್ಧಿ ಬೇರೆ ಹೇಳಿದೆ.

ಮುಂದಿನ ವಾರ ಮೇಷ್ಟ್ರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಬಂದರು. ಗಂಟಲು ಪೂರ್ತಿ ಕೂತುಹೋಗಿತ್ತು. ಮಾತಾಡಲಾರದೆ ಕಾರು ತೋರಿಸಿದರು, ಗಂಟಲು ತೋರಿಸಿದರು, ಕೊನೆಗೆ ನನ್ನನ್ನು ತೋರಿಸಿದರು. ಸಂಜೆ ಬರುವುದಾಗಿ ಅಣ್ಣನ ಕಿವಿಯಲ್ಲಿ ಪಿಸುಗುಟ್ಟಿ ಹೋದರು. ಅಣ್ಣ ಕಾರಿನಲ್ಲಿ ಕೂತು ನೋಡಿ, ತೋಳು ಉಜ್ಜಿಕೊಳ್ಳುತ್ತ ಕೆಳಗಿಳಿದ.

"ಇದು ಹದವಾಗಿದೆಯಾ ನಿಂಗೆ?"

ನಾನು ಬಾನೆಟ್ ಎತ್ತಲು ಹೊರಟೆ.

"ನಿಮ್ಮತ್ತಿಗೆ ಎಲ್ಲಾ ಹೇಳಿದಾಳೆ. ನಾಳೆಯಿಂದ ಕೌಂಟರಲ್ಲಿ ಕೂತ್ಕೋ, ಫ್ಯಾನ್ ಕೆಳಗೆ ಆರಾಮಾಗಿರ್ತೀಯ. ಎಸಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ."

"ಇದೊಂದು ನಾನೇ ಮಾಡ್ತೀನಿ ಅಣ್ಣ. ಇದೂ ಆಗ್ಲಿಲ್ಲ ಅಂದ್ರೆ ನೀನು ಹೇಳಿದ ಹಾಗೆ."

"ಸಂಜೆವರೆಗೂ ನೋಡು," ಎಂದು ಹೋದ.

ಕೌಂಟರಿನಲ್ಲಿ ಕೂತು ಬಂದವರಿಗೆಲ್ಲ ಹಲ್ಲು ಕಿರಿಯುವುದು ನನ್ನಿಂದಾಗದು. ಸ್ಪ್ಯಾನರ್ ಹಿಡಿಯದ ದಿನ ನನಗೆ ಅನ್ನ ಸೇರುವುದಿಲ್ಲ.

ಕೈಯನ್ನು ನಂಬದೆ ಕೆಲಸಕ್ಕೆ ಕೂತದ್ದು ಅದೇ ಮೊದಲು. ಥರ್ಮಾಮೀಟರ್ ಹುಡುಕಿ, ಧೂಳು ಒರೆಸಿ, ಸೀಟಿನ ತಲೆಯೊರಗಿಗೆ ದಾರದಲ್ಲಿ ತೂಗುಹಾಕಿದೆ. ಕಾರು ಅಂಗಳದ ಬಿಸಿಲಿನಲ್ಲಿತ್ತು. ಎಸಿ ಓಡಿಸಿ ಕಾದರೆ ಥರ್ಮಾಮೀಟರ್ ಹದಿನೇಳಕ್ಕೆ ಇಳಿದಿತ್ತು. ಸ್ಕ್ಯಾನರ್ ಸಿಕ್ಕಿಸಿ ಕಾರನ್ನೇ ಕೇಳಿದರೆ, ಒಳಗೆ ಮೂವತ್ತಮೂರು ಎಂದಿತು. ಚಳಿಯಲ್ಲಿ ಕೂತು ಸೆಕೆ ಸೆಕೆ ಎನ್ನುವವಳು ಈ ಗ್ಯಾರೇಜಿನಲ್ಲಿ ನಾನೊಬ್ಬಳೇ ಅಲ್ಲವಲ್ಲ ಎಂದು ಸ್ವಲ್ಪ ಸಮಾಧಾನವಾಯಿತು.

ಕಾರಿನೊಳಗಿನ ಸೆಕೆ ಅಳೆಯಲು ಸ್ಟೀರಿಂಗಿನ ಪಕ್ಕ ಸಣ್ಣ ಜಾಲರಿಯ ಹಿಂದೆ ಕಾಳುಮೆಣಸಿನ ಗಾತ್ರದ ಸೆನ್ಸರ್ ಇರುತ್ತದೆ. ಕೆಟ್ಟಿರುವುದು ಅದೇ ಎಂದು ತೀರ್ಮಾನಿಸಿ, ಹೊಸದಕ್ಕೆ ಅಂಗಡಿಗೆ ಫೋನ್ ಮಾಡಿಯೇಬಿಟ್ಟೆ. ಆಮೇಲೆ ಅದನ್ನು ಬಿಚ್ಚಿ ಮಲ್ಟಿಮೀಟರ್ ಹಚ್ಚಿದೆ. ಬಿಸಿ ತಾಗಿದರೆ ಮೀಟರಿನ ಅಂಕಿ ಇಳಿಯಬೇಕು, ತಂಪು ತಾಗಿದರೆ ಏರಬೇಕು, ಈ ಸೆನ್ಸರಿನ ಲೆಕ್ಕವೇ ಹಾಗೆ. ಬೆರಳುಗಳ ನಡುವೆ ಹಿಡಿದರೆ ಅಂಕಿ ಇಳಿಯಿತು, ತಣ್ಣೀರಿನ ಲೋಟಕ್ಕೆ ತಾಗಿಸಿದರೆ ಏರಿತು, ನೆರಳಿನಲ್ಲಿಟ್ಟರೆ ಎಷ್ಟು ಇರಬೇಕೋ ಅಷ್ಟೇ ಇತ್ತು. ಸೆನ್ಸರ್ ನನಗಿಂತ ಗಟ್ಟಿಯಾಗಿತ್ತು. ಮತ್ತೆ ಫೋನ್ ಮಾಡಿ ಬೇಡವೆಂದೆ. ಅಂಗಡಿಯವನು, "ಗ್ಯಾಸಕ್ಕ, ಹುಷಾರಾಗಿದೀರ ತಾನೆ?" ಎಂದ.

ಮತ್ತೆ ಜೋಡಿಸಿದೆ, ಮತ್ತೆ ಮೂವತ್ತಮೂರು. ನಡುವೆ ನನ್ನ ಬೆಂಕಿಯೂ ಬಂತು. ಬಾಗಿಲು ಹಾಕಿಕೊಂಡು ಮೇಷ್ಟ್ರ ಚಳಿಯಲ್ಲಿ ಮುಖ ಆರಿಸಿಕೊಂಡೆ. ಸುಳ್ಳು ಯಾಕೆ ಹೇಳಲಿ, ರಿಪೇರಿ ಮಾಡದೆ ಹಾಗೇ ಕೊಡುತ್ತಾರೆಂದರೆ ಆ ಕಾರನ್ನು ನಾನೇ ಕೊಂಡುಕೊಳ್ಳುತ್ತಿದ್ದೆ.

ಹಾಗೆ ಕೂತಿರುವಾಗ ಹೊಳೆಯಿತು. ಸೆನ್ಸರ್ ಸುಳ್ಳು ಹೇಳುತ್ತಿಲ್ಲ, ಅದಕ್ಕೆ ತಾಗುತ್ತಿರುವ ಗಾಳಿಯೇ ಬೇರೆ. ನಾವು ಕೂರುವ ಜಾಗದ ಗಾಳಿಯನ್ನು ಜಾಲರಿಯ ಮೂಲಕ ಸೆನ್ಸರಿನ ಮೇಲೆ ಎಳೆಯಲು ಹಿಂದೆ ಒಂದು ಪೈಪು ಇರುತ್ತದೆ. ಟಿಶ್ಯೂ ಪೇಪರಿನ ಚೂರೊಂದನ್ನು ಜಾಲರಿಗೆ ಹಿಡಿದೆ. ಎಳೆತ ಇದ್ದಿದ್ದರೆ ಅಂಟಿಕೊಳ್ಳಬೇಕಿತ್ತು. ಅದು ಉದುರಿ ನನ್ನ ತೊಡೆಯ ಮೇಲೆ ಬಿತ್ತು. ಪ್ಯಾನೆಲ್ ಬಿಚ್ಚಿ ಟಾರ್ಚ್ ಹಾಕಿದರೆ ಪೈಪು ಕಳಚಿ ಜೋತಾಡುತ್ತಿತ್ತು. ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡಿನ ಹಿಂದಿನ ಗಾಳಿಯನ್ನೇ ಅಳೆದು ಸೆನ್ಸರ್ ಇಡೀ ಕಾರು ಕಾದಿದೆ ಎಂದುಕೊಂಡಿತ್ತು, ಎಸಿ ಅದರ ಮಾತು ನಂಬಿ ಒಂದೇ ಸಮ ಊದುತ್ತಿತ್ತು.

ಆ ಪ್ಯಾನೆಲನ್ನು ಹಿಂದಿನ ತಿಂಗಳು ಬಿಚ್ಚಿದವನು ಅಣ್ಣ, ಮೇಷ್ಟ್ರಿಗೆ ಹೊಸ ಮ್ಯೂಸಿಕ್ ಪ್ಲೇಯರ್ ಹಾಕಿಕೊಡಲು. ಇದು ನೆನಪಾದಾಗ ನನಗಾದ ಸಂತೋಷವನ್ನು ಹೇಳಿಕೊಳ್ಳಲು ಈಗ ನಾಚಿಕೆ. ಕುಣಿಯುವುದೊಂದು ಬಾಕಿ.

"ಅಣ್ಣಾ, ಬಾ ಇಲ್ಲಿ. ನಿನ್ನ ಕೆಲಸ ನೋಡು."

ಅವನು ಬಂದು ಒಳಗೆ ತಲೆ ಹಾಕಿದ. "ಏನಿದೆ?"

"ಪೈಪು."

"ಯಾವ ಪೈಪು?"

ಪೈಪು ಅವನ ಮೂಗಿಗೆ ತಾಗುವಷ್ಟು ಹತ್ತಿರ ಇತ್ತು. ನಾಟಕ ಆಡುತ್ತಿದ್ದಾನೆ ಎಂದುಕೊಂಡೆ. ಅವನು ತಲೆ ಹಿಂದಕ್ಕೆಳೆದ, ಮುಂದೆ ತಂದ, ಕಣ್ಣು ಕಿರಿದು ಮಾಡಿದ. ಕೊನೆಗೆ ನಾನೇ ಅವನ ಬೆರಳು ಹಿಡಿದು ಪೈಪಿನ ಮೇಲಿಟ್ಟೆ. ಬೆರಳಿಗೆ ಕೂಡಲೇ ಗೊತ್ತಾಯಿತು. ಅವನ ಮುಖ ಇಳಿದುಹೋಯಿತು.

"ಕಣ್ಣು ಕಾಣ್ತಿಲ್ವಾ ಅಣ್ಣ?"

"ಹತ್ತಿರದ್ದು ಮಂಜು ಮಂಜು. ಕೈ ಅಂದಾಜಲ್ಲೇ ನಡೆಸ್ತಿದೀನಿ."

"ಕನ್ನಡಕ ಹಾಕ್ಕೊಳ್ಳೋದಲ್ವಾ?"

"ಗಿರಾಕಿಗಳು ಏನಂದ್ಕೋತಾರೆ?"

ಇಷ್ಟು ದಿನ ನಾನು ಮನಸ್ಸಿನಲ್ಲೇ ಅಂದುಕೊಂಡ ಮಾತು ಅದು. ಗೆದ್ದ ಖುಷಿಯೆಲ್ಲ ಇಳಿದು ಅಯ್ಯೋ ಪಾಪ ಎನಿಸಿತು. ಪೈಪು ಸಿಕ್ಕಿಸಿದೆ, ಟಿಶ್ಯೂ ಚೂರು ಜಾಲರಿಗೆ ಅಂಟಿ ನಿಂತಿತು. ಇಬ್ಬರೂ ಕಾರಿನಲ್ಲಿ ಕೂತು ಕಾದೆವು. ಥರ್ಮಾಮೀಟರ್ ನಿಧಾನಕ್ಕೆ ಇಪ್ಪತ್ತನಾಲ್ಕಕ್ಕೆ ಬಂದು ನಿಂತಿತು. ಕೌಂಟರಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸಂಜೆ ಮೇಷ್ಟ್ರು ಬಂದು ಏನಾಗಿತ್ತೆಂದು ಪಿಸುದನಿಯಲ್ಲಿ ಕೇಳಿದರು.

"ಒಂದು ಪೈಪು ಬಿಟ್ಕೊಂಡಿತ್ತು ಮೇಷ್ಟ್ರೇ. ಹೋದ ಸಲ ನಾನು ಸರಿಯಾಗಿ ನೋಡ್ಲಿಲ್ಲ, ತಪ್ಪಾಯ್ತು. ರಸ್ತೆ ಹಾಗಿದೆ ನೋಡಿ, ಕುಲುಕಾಟಕ್ಕೆ ತಾನಾಗೇ ಜಾರಿರುತ್ತೆ."

"ತಾನಾಗೇ ಅಲ್ಲ," ಎಂದ ಅಣ್ಣ. "ಪ್ಲೇಯರ್ ಹಾಕುವಾಗ ನಾನೇ ಸಿಕ್ಕಿಸದೆ ಬಿಟ್ಟಿದ್ದೆ. ಹತ್ತಿರದ್ದು ಕಾಣಲ್ಲ ನಂಗೆ. ಕಂಡುಹಿಡಿದಿದ್ದು ಇವಳು. ಇನ್ಮೇಲೆ ಡ್ಯಾಶ್‌ಬೋರ್ಡ್ ಕೆಲಸಾನೂ ಇವಳೇ ನೋಡ್ಕೋತಾಳೆ, ಎಸಿ ಹೇಗೂ ಇವಳದೇ."

ನಾನು ಅಂಗಿಯ ತೋಳಿನಿಂದ ಕಣ್ಣು, ಮುಖ ಒರೆಸಿಕೊಂಡೆ.

"ಸೆಕೆ ಜಾಸ್ತಿ ಅಲ್ವಾಮ್ಮ," ಎಂದರು ಮೇಷ್ಟ್ರು, ಪಾಪ.

"ಹೌದು ಮೇಷ್ಟ್ರೇ," ಎಂದೆ. ಆ ಹೊತ್ತಿನಲ್ಲಿ ನನಗೆ ಸೆಕೆಯೇನೂ ಆಗುತ್ತಿರಲಿಲ್ಲ.