ಲೆಸೊಥೊಗೆ ಹೊರಟ ನಾವು ನಾಲ್ವರು

ಸೌದಿಯ ಗುಡ್ಡಗಾಡಿನ ಊರು ಖಮೀಸ್ ಮುಶೈತ್‌ನ ನಮ್ಮ ಆಸ್ಪತ್ರೆಯ ಕ್ವಾರ್ಟರ್ಸ್‌ನಲ್ಲಿ ಕರಾವಳಿಯ ನರ್ಸ್‌ಗಳು ನಾವು ನಾಲ್ವರಿದ್ದೇವೆ. ನನ್ನ ರೂಮಿನವಳು ಲೆಸೊಥೊದವಳು. ಅದೆಲ್ಲಿದೆ ಎಂದು ಹೇಳಿ ಹೇಳಿ ನನ್ನ ಗಂಟಲೇ ಒಣಗಿದೆ. ಸುತ್ತ ದಕ್ಷಿಣ ಆಫ್ರಿಕಾ, ನಡುವೆ ಈ ಪುಟ್ಟ ದೇಶ. ಎತ್ತ ನೋಡಿದರೂ ಬೆಟ್ಟ. ಜುಲೈ ಅಲ್ಲಿ ಚಳಿಗಾಲ, ಹಿಮ ಬೀಳುತ್ತದೆ, ಜನ ಉಣ್ಣೆಯ ಕಂಬಳಿ ಹೊದ್ದು ಕುದುರೆ ಏರಿ ಓಡಾಡುತ್ತಾರೆ.

ಕಳೆದ ವರ್ಷ ಅವಳು ನನ್ನ ಜೊತೆ ಕುಂದಾಪುರಕ್ಕೆ ಬಂದು ಅಮ್ಮನ ಕೈಯಡುಗೆ ಉಂಡು ಹೋಗಿದ್ದಳು. ಈ ಜುಲೈಗೆ ನಮ್ಮನ್ನೆಲ್ಲ ತನ್ನ ಮನೆಗೆ ಕರೆದಳು. ಅವಳೇ ಹುರಿದಿಟ್ಟ ಮೀನು ಬಾಯಲ್ಲಿಟ್ಟುಕೊಂಡು ಉಳಿದ ಮೂವರೂ "ಬರ್ತೇವೆ" ಎಂದರು. ಅವಳು ಅದನ್ನೇ ನಂಬಿ ಊರಿಗೆ ಹೇಳಿದಳು.

ಟಿಕೆಟ್ ತೆಗೆಯುವ ಹೊತ್ತಿಗೆ ರಾಗ ಬದಲಾಯಿತು.

"ಗುಡ್ಡ ನೋಡ್ಲಿಕ್ಕೆ ಅಷ್ಟು ದೂರ ಎಂತಕ್ಕೆ ಮಾರಾಯ್ತಿ? ಕಿಟಕಿ ತೆಗೆದ್ರೆ ಇಲ್ಲೇ ಉಂಟಲ್ಲ" ಎಂದಳು ಒಬ್ಬಳು.

"ಸಿಂಹ ಉಂಟಾ ಅಲ್ಲಿ?" ಇನ್ನೊಬ್ಬಳ ಪ್ರಶ್ನೆ.

"ಸಿಂಹ ಇಲ್ಲ. ಕುದುರೆ ಉಂಟು."

"ಸಿಂಹ ಇಲ್ಲದ ಆಫ್ರಿಕಾ ಎಂತ ಆಫ್ರಿಕಾ?"

ಮೂರನೆಯವಳು ಫೋನ್ ಚಾಚಿ ಅಜರ್‌ಬೈಜಾನಿನ ಬಾಕು ನಗರದ ಫೋಟೋ ತೋರಿಸಿದಳು. ಕೇಬಲ್ ಕಾರ್, ಮಾಲ್, ಇಲ್ಲಿಂದ ಎಲ್ಲರೂ ಹೋಗಿಬಂದ ಜಾಗ. ನನಗೆ ಮೈಯೆಲ್ಲ ಉರಿಯಿತು. ಯಾರೂ ಕಾಣದ ಊರು ನೋಡಬೇಕೆಂದು ವರ್ಷವಿಡೀ ಗೊಣಗುವವರು ಇವರೇ. ಕರೆದರೆ ಎಲ್ಲರೂ ಕಂಡ ಊರೇ ಆಗಬೇಕು. ಮೂವರೂ ಬಾಕುವಿಗೆ ಟಿಕೆಟ್ ತೆಗೆದರು. ಲೆಸೊಥೊಗೆ ತೆಗೆದವಳು ನಾನೊಬ್ಬಳೇ. ರೂಮಿನವಳಿಗೆ ಇದನ್ನು ಹೇಗೆ ಹೇಳುವುದೆಂದು ತಿಳಿಯದೆ ವಾರವಿಡೀ ಒದ್ದಾಡಿದೆ.

ನಿನ್ನೆ ಅವಳೇ ಫೋನ್ ಹಿಡಿದು ಬಂದಳು. ಅವರಲ್ಲಿ ಮನೆಗೆ ಬೇಕಾದವರು ಬಂದರೆ ಕಂಬಳಿ ಹೊದಿಸಿ ಬರಮಾಡಿಕೊಳ್ಳುತ್ತಾರಂತೆ. ಅವಳ ಅಮ್ಮ ಪೇಟೆಗೆ ಇಳಿದು ತಂದು ಮಂಚದ ಮೇಲೆ ಹಾಸಿದ ನಾಲ್ಕು ಕಂಬಳಿಗಳ ಫೋಟೋ ಅದು. ಒಂದೊಂದಕ್ಕೂ ಒಂದೊಂದು ಬಣ್ಣ. "ಅವರಿಗೆ ಹಿಡಿಸುತ್ತದೆಯೇ, ಕೇಳು" ಎಂದಳು.

ಇದನ್ನು ನೋಡಿಯಾದರೂ ನಾಚಲಿ ಎಂದು ನಮ್ಮ ನಾಲ್ವರ ಗ್ರೂಪಿಗೆ ಫೋಟೋ ಹಾಕಿ, "ನಮಗೇಂತ ಅವಳ ಅಮ್ಮ ತಂದದ್ದು" ಎಂದು ಬರೆದೆ. ಉತ್ತರ ತಡವಾಗಲಿಲ್ಲ.

"ಚಂದ ಉಂಟು ಮಾರಾಯ್ತಿ. ಆ ನೀಲಿ ನಂಗೆ. ಬರುವಾಗ ತಾ."

"ನಂಗೆ ಕೆಂಪು."

ರೂಮಿನವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಏನಂತೆ?"

"ತುಂಬಾ ಹಿಡಿಸಿದೆಯಂತೆ" ಎಂದೆ.

ಅವಳು ಆಗಲೇ ಅಮ್ಮನಿಗೆ ಫೋನ್ ಮಾಡತೊಡಗಿದ್ದಳು.