ಹೋಗಿ ಬರ್ತೀನಿ

“ನಾ ಹೋಗಿ ಬರ್ತೀನಿ, ಬಾಗ್ಲಾ ಹಾಕ್ಕೋ” ಎಂದು ಗಂಡಸಿನ ದನಿ ಕೇಳಿತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಮನೆಯಾಕೆ ಅಲ್ಲಿಂದಲೇ, “ಹೂಂ, ಲಗೂನ ಬರ್ರಿ” ಎಂದರು.

ದನಿ ಬಂದದ್ದು ನನ್ನ ಮುಂದಿದ್ದ ಹಳೆಯ ಕಂಪ್ಯೂಟರಿನಿಂದ. ಆಕೆಯ ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು.

ಆಕೆಯ ಮಗಳ ಓದಿಗೆಂದು ಆ ಕಂಪ್ಯೂಟರಿಗೆ ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕಿಕೊಡಲು ನಾನು ಪೆನ್‌ಡ್ರೈವ್ ಹಿಡಿದು ಬೆಳಗಾವಿಯಿಂದ ಖಾನಾಪುರಕ್ಕೆ ಹೋಗಿದ್ದೆ. “ಒಳಗ ಏನೂ ಇಲ್ರಿ, ಎಲ್ಲಾ ಅಳಿಸಿಬಿಡ್ರಿ” ಎಂದಿದ್ದರು ಆಕೆ. ಆದರೂ ಹಾರ್ಡ್ ಡಿಸ್ಕ್ ಅಳಿಸುವ ಮುನ್ನ, ಪೆನ್‌ಡ್ರೈವ್‌ನಿಂದಲೇ ಕಂಪ್ಯೂಟರ್ ಚಾಲೂ ಮಾಡಿ ಹಳೆಯ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡುತ್ತಿದ್ದೆ. ಎಂದೋ ಮೈಕ್ ಚಾಲೂ ಇದ್ದಾಗ ಯಜಮಾನರ ಮಾತು ಒಂದು ಫೈಲಿನಲ್ಲಿ ದಾಖಲಾಗಿ ಉಳಿದಿತ್ತು.

ರೊಟ್ಟಿ ಬಡಿಯುವ ಸದ್ದು ನಿಂತಿತು. ಆಕೆ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. ನನ್ನನ್ನು ನೋಡಲಿಲ್ಲ, ಸ್ಪೀಕರನ್ನೇ ನೋಡಿದರು.

“ಅಳಿಸಬ್ಯಾಡ್ರಿ. ಅವ್ರು ಬರ್ತೀನಿ ಅಂದಾರ.”

ದನಿಯನ್ನು ಬೇರೆಡೆ ನಕಲು ಮಾಡಿಕೊಡುತ್ತೇನೆ ಎಂದರೂ ಒಪ್ಪಲಿಲ್ಲ. ಪೆನ್‌ಡ್ರೈವ್ ತೆಗೆದುಕೊಂಡು ಎದ್ದೆ.

ಹೊಸ್ತಿಲಲ್ಲಿ ಎಂದಿನಂತೆ “ಹೋಗಿ ಬರ್ತೀನ್ರಿ” ಎನ್ನಹೋದೆ. ಅದನ್ನು ಅಲ್ಲಿಗೇ ಬಿಟ್ಟು ಮೆಟ್ಟಿಲಿಳಿದೆ. ಬೀದಿಯ ತಿರುವು ಮುಟ್ಟಿದರೂ ಹಿಂದೆ ಬಾಗಿಲು ಹಾಕಿಕೊಳ್ಳುವ ಸದ್ದು ಮಾತ್ರ ಕೇಳಲಿಲ್ಲ.