ಬೋರಲು ಹಾಕಿದ ಎರಡು ಎಲೆ

ಅರಸೀಕೆರೆಯಿಂದ ತುಮಕೂರಿಗೆ ಹನ್ನೊಂದು ವರ್ಷ ದಿನಾ ರೈಲಿನಲ್ಲಿ ಓಡಾಡಿ ನಾನು ಕಲಿತದ್ದು ಕೂತಲ್ಲೇ ನಿದ್ದೆ ಮಾಡುವುದು ಮತ್ತು ಪೋಕರ್ ಆಡುವುದು. ನಿದ್ದೆಯನ್ನು ದಣಿವೇ ಕಲಿಸಿತು. ಪೋಕರ್ ಕಲಿಸಿದವರು ಟೆಲಿಫೋನ್ ಇಲಾಖೆಯ ಒಬ್ಬ ಇಂಜಿನಿಯರು.

ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ನಮ್ಮದು ನಾಲ್ಕು ಜನರ ಗುಂಪು. ಹೈಸ್ಕೂಲಿನ ಹೆಡ್‌ಮಾಸ್ಟರು, ಬ್ಯಾಂಕಿನ ಕ್ಯಾಷಿಯರು, ಈ ಇಂಜಿನಿಯರು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು. ಮೊಣಕಾಲುಗಳ ಮೇಲೆ ಹೆಡ್‌ಮಾಸ್ಟರ ಸೂಟ್‌ಕೇಸು, ಅದರ ಮೇಲೆ ಟವೆಲ್ಲು. ಅದೇ ಮೇಜು. ರಮ್ಮಿ ಆಡಿ ಆಡಿ ಎಲೆಗಳ ಮೂಲೆ ಮೆತ್ತಗಾಗಿದ್ದವು. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಮ್ಮೆ ಇಂಜಿನಿಯರು ಬೆಂಗಳೂರಿಗೆ ಟ್ರೈನಿಂಗಿಗೆ ಹೋದವರು ಪೋಕರ್ ಕಲಿತು ಬಂದರು. ಕಾಸಿಟ್ಟು ಆಡಕೂಡದೆಂದು ಹೆಡ್‌ಮಾಸ್ಟರ ಕಟ್ಟಪ್ಪಣೆ. ಹಾಗಾಗಿ ತಲೆಗೆ ಮೂವತ್ತು ಹುಣಸೆಬೀಜ.

"ಬಾಳ ಸುಲಭ ಕಣ್ರೀ," ಅಂದರು ಇಂಜಿನಿಯರು. "ಕೈಗೆ ಎರಡೆರಡು ಎಲೆ, ಅದನ್ನ ಯಾರಿಗೂ ತೋರ್ಸಂಗಿಲ್ಲ. ಟವೆಲ್ ಮೇಲೆ ಐದು ಎಲೆ ಬಿಚ್ತೀನಿ, ಅದು ಎಲ್ಲರದ್ದೂ. ಎರಡನ್ನೂ ಕೂಡಿಸಿ ಯಾರದ್ದು ದೊಡ್ಡ ಜೋಡಣೆಯೋ ಅವರು ಗೆದ್ರು. ನಡುನಡುವೆ ಬೀಜ ಕಟ್ಟಬೇಕು. ಧೈರ್ಯ ಸಾಲದಿದ್ರೆ ಪ್ಯಾಕ್ ಅಂತ ಎಲೆ ಬೋರಲು ಹಾಕಿಬಿಡೋದು."

"ಎಲ್ಲರೂ ಪ್ಯಾಕ್ ಅಂದ್ರೆ?" ಹೆಡ್‌ಮಾಸ್ಟರು ಕೇಳಿದರು.

"ಉಳಿದವನು ಬೀಜ ಬಾಚ್ಕೋತಾನೆ. ಅವನ ಕೈಲಿ ಏನಿತ್ತು ಅಂತ ಕೇಳಂಗಿಲ್ಲ."

"ಸುಳ್ಳು ಹೇಳಿ ಗೆಲ್ಲೋ ಆಟ ಅನ್ನಿ," ಕ್ಯಾಷಿಯರು ನಕ್ಕರು. "ನಮ್ಮ ಮ್ಯಾನೇಜರಿಗೆ ಹೇಳಿ ಮಾಡ್ಸಿದಂಗೈತೆ."

ಜೋಡಿ, ಎರಡು ಜೋಡಿ, ಮೂರು ಒಂದೇ ಥರದವು, ಯಾವುದರ ಮೇಲೆ ಯಾವುದು ಎಂದು ಡೈರಿಯ ಹಿಂಬದಿ ಬರೆದುಕೊಂಡು ಪರೀಕ್ಷೆಗೆ ಓದಿದ ಹಾಗೆ ಬಾಯಿಪಾಠ ಮಾಡಿದೆ. ವಾರದಲ್ಲಿ ಬಂತು. ಬಾರದೇ ಹೋದದ್ದು ಒಂದೇ, ಎಲೆ ತೋರಿಸದೆ ಇರುವುದು. ಎಲ್ಲರೂ ಬಿಟ್ಟು ನಾನು ಗೆದ್ದರೆ ನನ್ನೆರಡು ಎಲೆಯನ್ನು ಟವೆಲ್ ಮೇಲೆ ಮಗುಚಿ ತೋರಿಸುತ್ತಿದ್ದೆ. ಸೋತು ಬಿಟ್ಟಾಗಲೂ "ನೋಡಿ, ಏನೂ ಇರಲಿಲ್ಲ" ಎಂದು ತೋರಿಸುತ್ತಿದ್ದೆ. ಇಂಜಿನಿಯರು ಹಣೆ ಚಚ್ಚಿಕೊಳ್ಳುತ್ತಿದ್ದರು. "ಯಾರ್ರೀ ಕೇಳಿದ್ರು ನಿಮ್ಮನ್ನ?" ನನ್ನ ಆಟದ ಗುಟ್ಟೆಲ್ಲ ಬಯಲಾಗಿ, ತಿಪಟೂರು ಬರುವಷ್ಟರಲ್ಲಿ ನನ್ನ ಬೀಜ ಮುಗಿದಿರುತ್ತಿದ್ದವು.

ಇದು ಅಪ್ಪ ಕಲಿಸಿದ ಪಾಠ. ನಮ್ಮದು ಹಳೇಬೀಡಿನ ಪಕ್ಕ, ಬಸ್ತಿಹಳ್ಳಿಯ ಕಡೆಯ ಒಂದು ಕೇರಿ. ಅಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲನೆಯವನು ನಾನು, ಆಮೇಲೆ ಬೇಲೂರಿಗೆ ಬಸ್ಸಿನಲ್ಲಿ ಓಡಾಡಿ ಬಿ.ಎ. ಮಾಡಿದ ಮೊದಲನೆಯವನೂ ನಾನೇ. "ನಿನ್ ಮಗ ಪಾಸಾಗಿರೋದು ದಿಟವೇನ್ಲಾ?" ಎಂದು ಊರವರು ಕೇಳಿದಾಗ, ಓದು ಬಾರದ ಅಪ್ಪ ಮಾರ್ಕ್ಸ್ ಕಾರ್ಡನ್ನು ಹೆಗಲ ವಲ್ಲಿಯಲ್ಲಿ ಸುತ್ತಿಕೊಂಡು ಹೋಗಿ ಟೀ ಅಂಗಡಿ ಮುಂದೆ ಬಿಚ್ಚಿ ತೋರಿಸಿ ಬಂದಿದ್ದ. "ಅವ್ರು ಕೇಳೋಕ್ ಮುಂಚೇನೇ ತೋರ್ಸ್‌ಬಿಡ್ಲಾ. ಬಾಯ್ ಮುಚ್ಕೋತಾರೆ." ಅಂದಿನಿಂದ ತೋರಿಸುತ್ತಲೇ ಬಂದೆ. ಕಾಲೇಜಿಗೆ, ಕೆಲಸಕ್ಕೆ, ಅರಸೀಕೆರೆಯಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಕೂಡ. ಬಾಯಿಗಳೇನೂ ಮುಚ್ಚಲಿಲ್ಲ. "ನೀವು ಕೋಟಾದಲ್ಲಿ ಬಂದೋರಲ್ವಾ?" ಎಂದು ಕ್ಯಾಷಿಯರು ಪರಿಚಯವಾದ ಮೊದಲ ದಿನವೇ ಕೇಳಿದ್ದರು. ನಾನು ಬಿ.ಎ. ಅಂಕಗಳನ್ನು ವಿಷಯವಾರು ಒಪ್ಪಿಸಿದ್ದೆ. ಆಮೇಲೆ ತಿಂಗಳಿಗೊಮ್ಮೆಯಾದರೂ ಅವರು ಮರೆತವರಂತೆ ಕೇಳುವುದು, ನಾನು ಒಪ್ಪಿಸುವುದು. ಅಭ್ಯಾಸ ಮಾಡಿಸಿದವನು ನಾನೇ.

ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾದ ಮೇಲೆ ಕಚೇರಿಯಿಂದ ಮೆಮೊ ಬಂತು. ಮೂಲ ದಾಖಲೆಗಳನ್ನು ಇನ್ನೊಮ್ಮೆ ಹಾಜರುಪಡಿಸಬೇಕು. ಆ ಬೆಳಗ್ಗೆ ಫೈಲನ್ನು ತೊಡೆಯ ಪಕ್ಕ ಇಟ್ಟುಕೊಂಡು ಕೂತಿದ್ದೆ.

"ಏನ್ರೀ ಇಷ್ಟು ದಪ್ಪ? ಆಸ್ತಿ ಪತ್ರಾನಾ?" ಕ್ಯಾಷಿಯರು ಕೇಳಿದರು.

"ಮಾರ್ಕ್ಸ್ ಕಾರ್ಡು, ಜಾತಿ ಸರ್ಟಿಫಿಕೇಟು. ಇನ್ನೊಂದ್ಸಲ ನೋಡ್ಬೇಕಂತೆ."

"ಏನೋ ಡೌಟು ಬಂದಿರ್ಬೇಕು ಬಿಡಿ," ಎಂದು ಇಂಜಿನಿಯರಿಗೆ ಕಣ್ಣು ಹೊಡೆದರು. ಹೆಡ್‌ಮಾಸ್ಟರು ಕಿಟಕಿಯ ಕಡೆ ತಿರುಗಿದರು. ಅಂಕ ಒಪ್ಪಿಸಲು ನನ್ನ ಬಾಯಿ ತೆರೆದುಕೊಂಡಿತ್ತು. ಆದರೆ ಸಾಕಾಗಿತ್ತು. ಸಿಟ್ಟು ಮಾಡಿಕೊಳ್ಳುವಷ್ಟೂ ತ್ರಾಣವಿರಲಿಲ್ಲ.

ಗುಬ್ಬಿ ದಾಟಿದ ಮೇಲೆ ಕೊನೆಯ ಆಟ. ಟವೆಲ್ ಮೇಲೆ ಎರಡು ರಾಜ, ಒಂದು ಹತ್ತು, ಏಳು, ನಾಲ್ಕು. ಹೆಡ್‌ಮಾಸ್ಟರೂ ಇಂಜಿನಿಯರೂ ಬಿಟ್ಟರು. ಉಳಿದವರು ಕ್ಯಾಷಿಯರು ಮತ್ತು ನಾನು. ನನ್ನ ಹತ್ತಿರ ಇದ್ದ ಬೀಜವನ್ನೆಲ್ಲ ನಡುವಿಗೆ ತಳ್ಳಿದೆ.

"ಮೂರನೇ ರಾಜ ಐತೇನ್ರೀ ನಿಮ್ಮತ್ರ?"

ಕ್ಯಾಷಿಯರು ನನ್ನ ಮುಖವನ್ನೇ ನೋಡಿದರು, ಫೈಲನ್ನು ನೋಡಿದರು, ಎಲೆ ಬಿಸಾಡಿದರು. "ಪ್ಯಾಕ್. ನೋಡಿ, ಕೈಲಿ ಒಂದು ಹತ್ತು, ಎರಡು ಜೋಡಿ ಆಗಿದ್ರೂ ಬಿಟ್ಟಿದೀನಿ. ಈಗ ನಿಮ್ದು ತೋರ್ಸಿ."

ಕೈ ತಾನಾಗಿಯೇ ಎಲೆಗಳ ಅಡಿಗೆ ಹೋಗಿತ್ತು. ಅಲ್ಲೇ ನಿಂತಿತು. ಎರಡನ್ನೂ ಬೋರಲಾಗಿಯೇ ಕಟ್ಟಿನ ನಡುವೆ ತುರುಕಿ ಕಲಸಿಬಿಟ್ಟೆ.

"ಅಲ್ರೀ, ದಿನಾ ತೋರಿಸ್ತಿದ್ರಲ್ಲ!"

"ತೋರಿಸ್ತಿದ್ದೆ ಸಾರ್."

"ಮತ್ತೆ ನಾನು ಹೆಂಗ್ ನಂಬೋದು?"

"ನಂಬದಿದ್ರೆ ಬೇಡ ಬಿಡಿ."

"ಈಗ ಬಂತು ನೋಡಿ ಇವ್ರಿಗೆ ಆಟ," ಎಂದು ಇಂಜಿನಿಯರು ಸೂಟ್‌ಕೇಸು ತಟ್ಟಿದರು. ಬೀಜ ಚೆಲ್ಲಿ ಸೀಟಿನಡಿ ಹೋದವು. ಹೆಡ್‌ಮಾಸ್ಟರು ಬಗ್ಗಿ ಆಯತೊಡಗಿದರು.

ಕಚೇರಿಯಲ್ಲಿ ಆ ದಿನ ಹನ್ನೊಂದರಿಂದ ಮೂರರವರೆಗೆ ನಿಂತು ದಾಖಲೆ ತೋರಿಸಿದೆ. ಅಲ್ಲಿ ಪ್ಯಾಕ್ ಅನ್ನುವಂತಿಲ್ಲ. ಮೇಜಿನಾಚೆಯವರು ಎರಡು ಹಾಳೆ ತಿರುವಿ, ಉಳಿದದ್ದನ್ನು ನೋಡದೆ ವಾಪಸು ಕೊಟ್ಟರು. ಸಂಜೆ ಗಾಡಿಯಲ್ಲಿ ನಿದ್ದೆ ಹೋದೆ.

ಕ್ಯಾಷಿಯರು ನಾಲ್ಕು ದಿನ ಬೇರೆ ಬೋಗಿಯಲ್ಲಿ ಕೂತರು. ಐದನೆಯ ದಿನ ಬಂದು, "ಜರುಗ್ರೀ," ಎಂದು ನನ್ನ ಪಕ್ಕ ಕೂತರು. ನನ್ನ ಅಂಕಗಳನ್ನು ಮತ್ತೆಂದೂ ಕೇಳಲಿಲ್ಲ. ಕೇಳುತ್ತಿದ್ದುದು ಬೇರೆ: "ಆವತ್ತು ಏನಿತ್ತು ಹೇಳಿ ಮಾರಾಯ್ರೇ." ಅವರು ರಿಟೈರ್ ಆಗುವವರೆಗೂ ಹೇಳಲಿಲ್ಲ. ನನ್ನ ಹೆಂಡತಿಗೂ ಹೇಳಿಲ್ಲ. ಇಲ್ಲಿಯೂ ಬರೆಯುವುದಿಲ್ಲ.